ಹಾಡಿಗೆ ಬೇಕಾದ ಮುಖ

ಹುಲಿಹೈದರ
೧೪ ಫೆಬ್ರುವರಿ ೧೯೯೯

ಮಗಳು ದುರ್ಗಾದೇವಿಗೆ,

ಅವ್ವ ಹುಲಗೆಮ್ಮ ಗಟ್ಟಿಯಾಗಿದ್ದಾಳೆ, ನೀನೂ ಗಟ್ಟಿಯಾಗಿರು. ಪತ್ರದ ಕನ್ನಡ ನೋಡಿ ನಗಬೇಡ. ಮಾತಾಡಿದಂತೆ ಬರೆದರೆ ನಮ್ಮ ಅಂಗನವಾಡಿ ಟೀಚರ್ ಶಹನಾಜಬೇಗಂ ಕೆಂಪು ಗೀಟು ಎಳೆಯುತ್ತಾರೆ. ನಲವತ್ತರ ಮೇಲೆ ಅಕ್ಷರ ಕಲಿತವಳು ನಾನು. ಕಲಿತದ್ದೇ ಪುಸ್ತಕದ ಕನ್ನಡ, ಹೀಗಾಗಿ ಕಾಗದದ ಮೇಲೆ ನಾನು ನಿನಗಿಂತ ದೊಡ್ಡ ಪಂಡಿತೆ.

ಭಾನುವಾರ ಪಂಚಾಯಿತಿ ಟಿವಿಯಲ್ಲಿ ನಿನ್ನ 'ಮಕ್ಕಳ ವಿಜ್ಞಾನ' ಕಾರ್ಯಕ್ರಮ ನೋಡಿದೆವು. ಉಪ್ಪುನೀರಿನಲ್ಲಿ ತತ್ತಿ ತೇಲಿಸಿದೆಯಲ್ಲ, ಅದನ್ನು ನಮಗೂ ಮಾಡಿ ತೋರಿಸು ಎಂದು ಅಂಗನವಾಡಿ ಮಕ್ಕಳು ಗಂಟುಬಿದ್ದವು. ಮಾಡಿದೆ. ಒಂದು ತತ್ತಿ ಉಪ್ಪು ಹಾಕಿದ ಮೇಲೆ ತೇಲಿತು. ಇನ್ನೊಂದು ಕೊಳೆತಿತ್ತು, ಅದು ಉಪ್ಪಿಲ್ಲದೆಯೇ ತೇಲಿತು. ಯಾಕೆ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ? ದುರ್ಗಾ ಅಕ್ಕನಿಗೆ ಕಾಗದ ಬರೆಯೋಣ ಎಂದು ಹೇಳಿ ತಪ್ಪಿಸಿಕೊಂಡೆ. ಟಿವಿಯ ದುರ್ಗಾ ಅಕ್ಕನ ಅವ್ವನೇ ತಮ್ಮ ಅಂಗನವಾಡಿ ಆಯಾ ಎಂದು ಅವಕ್ಕೆ ಹೆಮ್ಮೆಯೋ ಹೆಮ್ಮೆ.

ಈಗ ದೊಡ್ಡ ಸುದ್ದಿ. ಜನಪದ ಕಲೆಯ ಕಾರ್ಯಕ್ರಮಕ್ಕೆಂದು ನಿಮ್ಮ ಟಿವಿಯವರು ಜೀಪಿನಲ್ಲಿ ಬಂದಿದ್ದರು. ಶಿವಲೀಲಾ ಎಂಬ ಮೇಡಂ, ಇಬ್ಬರು ಗಂಡಸರು. ಚೌಡಿಕೆ ನುಡಿಸಿ ಹಾಡು ಎಂದರು. ನುಡಿಸುತ್ತೇನೆ, ಅದು ನನ್ನ ಕೈಯ ವಿದ್ಯೆ. ಆದರೆ ಕ್ಯಾಮೆರಾದವನು ಕೊರಳಲ್ಲಿ ಜೋಗತಿಯ ಮುತ್ತಿನ ಸರ ಇರಲಿ, ಮುಖದ ತುಂಬ ಭಂಡಾರದ ಅರಿಶಿನ ಇರಲಿ, ಆಗಲೇ ಚಿತ್ರ ಛಲೋ ಬರುತ್ತದೆ ಎಂದ. ನಮ್ಮ ಸಂಘದ ಹೆಣ್ಣುಮಕ್ಕಳೆಲ್ಲ ಕೂಡಿ ಆ ಸರ ಹರಿದು ಹೊಳೆಗೆ ಬಿಟ್ಟ ದಿನ ನೀನೂ ಪಕ್ಕದಲ್ಲಿದ್ದೆ. ನಾನು ಒಂದೇ ಮಾತು ಹೇಳಿದೆ: "ಬಿಟ್ಟದ್ದು ಬಿಟ್ಟೇನ್ರಿ. ಚಿತ್ರಕ್ಕಂತ ಮತ್ತ ಕಟ್ಟಿಕೊಳ್ಳಾಕ ಅದೇನು ನಾಟಕದ ಸಾಮಾನಲ್ಲ."

ಅವನು ಮುಖ ಊದಿಸಿಕೊಂಡ. ಶಿವಲೀಲಾ ಮೇಡಂ ಮಾತ್ರ ನನ್ನ ಪಕ್ಕ ಕಟ್ಟೆಯ ಮೇಲೆ ಕೂತು ಯಾಕಮ್ಮ ಎಂದು ಕೇಳಿದರು. ಹೇಳಿದೆ. ಹೊತ್ತು ಇಳಿಯುವ ತನಕ ಹೇಳಿದೆ. ಅವರು ಮಾಡುವ ಇನ್ನೊಂದು ಕಾರ್ಯಕ್ರಮವಿದೆಯಂತೆ, ಜನ ತಮ್ಮ ಬಾಳಿನ ಕಥೆ ತಾವೇ ಹೇಳುವುದು. ಅದಕ್ಕೆ ಬರುತ್ತೀರಾ ಎಂದರು. ಹೂಂ ಎಂದಿದ್ದೇನೆ. ನೀನು ಟಿವಿಯಲ್ಲಿ, ನಾನೂ ಟಿವಿಯಲ್ಲಿ. ಊರು ಹೊಟ್ಟೆ ಉರಿದುಕೊಳ್ಳಲಿ.

ನಿನ್ನ ಅವ್ವ
ಹುಲಗೆಮ್ಮ


ಬೆಂಗಳೂರು
೨ ಮಾರ್ಚ್ ೧೯೯೯

ಪ್ರೀತಿಯ ಅವ್ವ,

ಕೊಳೆತ ತತ್ತಿಯೊಳಗೆ ಗಾಳಿ ಹುಟ್ಟುತ್ತದೆ. ಆ ಗಾಳಿ ಸಿಪ್ಪೆಯ ಸಣ್ಣ ರಂಧ್ರಗಳಿಂದ ಹೊರಗೆ ಹೋಗಿ ತತ್ತಿ ಹಗುರಾಗುತ್ತದೆ, ಅದಕ್ಕೇ ತೇಲುತ್ತದೆ. ಮಕ್ಕಳಿಗೆ ಹೇಳು. ಅವರ ಪ್ರಶ್ನೆಯನ್ನು ಮುಂದಿನ ಕಂತಿನಲ್ಲಿ ಸೇರಿಸುತ್ತೇನೆ.

ಮುತ್ತು ಕಟ್ಟಿಕೊಳ್ಳಲಿಲ್ಲವೆಂದು ಓದಿ ಕೂತಲ್ಲೇ ಎದೆ ಉಬ್ಬಿತು. ಆದರೆ ಆ ಇನ್ನೊಂದು ಕಾರ್ಯಕ್ರಮ ಬೇಡ ಅವ್ವ. ನಾನು ಇಲ್ಲಿ ಒಳಗಿದ್ದು ನೋಡಿದ್ದೇನೆ. ಜನ ಅತ್ತು ಹೇಳುತ್ತಾರೆ, ನೋಡಿದವರು ಅಯ್ಯೋ ಪಾಪ ಎನ್ನುತ್ತಾರೆ, ಮರುದಿನ ಅದೇ ಬಾಯಲ್ಲಿ ಏನೇನೋ ಆಡಿಕೊಳ್ಳುತ್ತಾರೆ. ಮಾತಾಡಲೇಬೇಕು ಎಂದರೆ ಮುಖ ಕಾಣದಂತೆ ಮಾಡಿಸಿಕೋ. ಕಪ್ಪು ಮಾಡುತ್ತಾರೆ, ಯಾರೆಂದು ತಿಳಿಯುವುದಿಲ್ಲ. ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಪ್ರಭುರಾಜನ ವಿಷಯ ಗೊತ್ತಲ್ಲ. ನಮ್ಮ ಕಾರ್ಯಕ್ರಮದ ಸಂಕಲನ ಮಾಡುವವನು, ಯಲಬುರ್ಗಾದವನು. ಅವರದು ಕಾಳುಕಡಿಯ ವ್ಯಾಪಾರದ ಮನೆತನ. ಜಾತಿ ಬೇರೆ ಎಂಬುದನ್ನೇ ಅವನ ತಾಯಿ ವಿರೂಪಾಕ್ಷಮ್ಮ ಕಷ್ಟಪಟ್ಟು ನುಂಗಿಕೊಂಡಿದ್ದಾರೆ. ನನ್ನ ತಂದೆ ತೀರಿಕೊಂಡಿದ್ದಾರೆ ಎಂದು ಹೇಳಿದ್ದೇನೆ. ಶ್ರಾವಣ ಕಳೆದ ಮೇಲೆ ನಮ್ಮ ಮನೆಗೆ ಮದುವೆಯ ಮಾತಿಗೆ ಬರಬಹುದು. ಅವರ ಮನೆಯಲ್ಲಿ ಸಂಜೆಯಾದರೆ ಟಿವಿ ಹಚ್ಚುತ್ತಾರೆ ಅವ್ವ.

ನಿನ್ನ
ದುರ್ಗಾ


ಹುಲಿಹೈದರ
೨೦ ಏಪ್ರಿಲ್ ೧೯೯೯

ದುರ್ಗಾ,

ನಿನ್ನ ತಂದೆ ತೀರಿಕೊಂಡ ಸುದ್ದಿ ನಿನ್ನ ಪತ್ರದಿಂದಲೇ ತಿಳಿಯಿತು. ಕಳಕಪ್ಪ ಇವತ್ತು ಬೆಳಿಗ್ಗೆಯೂ ಪಂಚಾಯಿತಿ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತಿದ್ದ. ಹೋಗಿ ಮುಟ್ಟಿ ನೋಡಿ ಬರಲಿಲ್ಲ ಅಷ್ಟೇ.

ಸಿಟ್ಟಿಲ್ಲ. ಪ್ರಭುರಾಜ ಒಳ್ಳೆಯವನಿರಬಹುದು. ಆದರೆ ನಾನು ಮಾತಾಡಿ ಆಯಿತು. ಹೋದ ವಾರ ಶಿವಲೀಲಾ ಮೇಡಂ ಬಂದರು. ಅಂಗನವಾಡಿ ಎದುರಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದರು. ಮುಖ ಮರೆ ಮಾಡಬೇಕೇ ಎಂದು ಅವರೇ ಕೇಳಿದರು. ಬೇಡ, ಬಿಸಿಲಿಗೆ ಮುಖ ಮಾಡಿ ಕೂರುತ್ತೇನೆ ಎಂದೆ. ಕುಂಕುಮ ಹಚ್ಚಿಕೊಂಡಿದ್ದೆ, ನೀನು ತಂದ ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಶಹನಾಜಬೇಗಂ ಟೀಚರ್ ಹಿಂದೆ ನಿಂತು ಸೆರಗು ಸರಿ ಮಾಡಿದರು. ಚೆಂದ ಕಂಡಿರಬೇಕು, ಸುಳ್ಳು ಯಾಕೆ ಹೇಳಲಿ.

ಎಲ್ಲ ಹೇಳಿದೆ. ಗಂಡುಮಗ ಇಲ್ಲವೆಂದು ನಮ್ಮವ್ವ ನನ್ನನ್ನು ದೇವಿಗೆ ಬಿಟ್ಟದ್ದು, ಮೈನೆರೆಯುವ ಮುಂಚೆಯೇ ಮುತ್ತು ಕಟ್ಟಿದ್ದು, ಆಮೇಲೆ ದೇವಿಯ ಹೆಸರಿನಲ್ಲಿ ಊರಿನ ದೊಡ್ಡ ಮನೆಯೊಂದಕ್ಕೆ ನನ್ನನ್ನು ಒಪ್ಪಿಸಿದ್ದು. ನೀನು ಹುಟ್ಟಿದ್ದು. ಕಳಕಪ್ಪನ ಹೆಸರು ಹೇಳಲಿಲ್ಲ. ಊರಿಗೆಲ್ಲ ಗೊತ್ತಿರುವ ಹೆಸರನ್ನು ಟಿವಿಯಲ್ಲಿ ಹೇಳಿ ಅವನನ್ನು ಯಾಕೆ ಪ್ರಸಿದ್ಧ ಮಾಡಲಿ?

ನಿನ್ನನ್ನು ಸಾಲಿಗೆ ಸೇರಿಸಿದ್ದನ್ನೂ ಹೇಳಿದೆ. ತಂದೆಯ ಹೆಸರಿಲ್ಲದೆ ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಹೆಡ್ಮಾಸ್ತರ ಹೇಳಿದ್ದು, ಅವ್ವನ ಹೆಸರು ಬರೆದುಕೊಳ್ಳಿ ಎಂದು ನಾನು ಬಾಗಿಲಲ್ಲಿ ಅಡ್ಡ ಕೂತದ್ದು, ಒಳಗಿನ ಮಕ್ಕಳೆಲ್ಲ ನಗುವಾಗ ನೀನು ಹೆದರಿ ಲಂಗ ಒದ್ದೆ ಮಾಡಿಕೊಂಡು ಅತ್ತದ್ದು. ಆದರೂ ನಾವು ಎದ್ದು ಹೋಗಲಿಲ್ಲ. ಬರೆದುಕೊಂಡರು.

ನನ್ನ ಒಳ್ಳೆಯದಕ್ಕೆ ಮುಖ ಮುಚ್ಚಿಕೋ ಎಂದು ಬರೆದಿದ್ದೀ. ಮಗಳೇ, ಹಾಡಿಗೆ ನನ್ನ ಮುಖ ಬೇಕು, ಭಂಡಾರ ಬಳಿದು ಬೇಕು. ಮಾತಿಗೆ ಬೇಡವೇ?

ಹುಲಗೆಮ್ಮ


ಹುಲಿಹೈದರ
೧೯ ಜುಲೈ ೧೯೯೯

ದುರ್ಗಾದೇವಿಗೆ,

ಮೂರು ತಿಂಗಳು ನಿನ್ನಿಂದ ಒಂದು ಕಾಗದವಿಲ್ಲ. ಕೆಲಸ ಹೆಚ್ಚಿರಬೇಕು ಎಂದುಕೊಂಡಿದ್ದೆ. ಈಗ ತಿಳಿಯಿತು ಏನು ಕೆಲಸ ಎಂದು.

ಶುಕ್ರವಾರ ಸಂಜೆ ನನ್ನ ಕಾರ್ಯಕ್ರಮ ಬಂತು. ಊರಿಗೆ ನಾನೇ ಹೇಳಿ ಬಂದಿದ್ದೆ. ಪಂಚಾಯಿತಿ ಮುಂದೆ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ಕೂತಿದ್ದರು, ಗಂಡಸರು ಕಟ್ಟೆಯ ಮೇಲೆ. ಕಳಕಪ್ಪ ಯಾವತ್ತಿನ ಹಾಗೆ ಮುಂದಿನ ಕುರ್ಚಿಯಲ್ಲಿ. ಬೇವಿನ ಮರ ಬಂತು, ಹಸಿರು ಸೀರೆ ಬಂತು, ನನ್ನ ಕೈ ಬಂತು. ಕುತ್ತಿಗೆಯ ಮೇಲೆ ಮುಖ ಇರಲಿಲ್ಲ. ಹೆಂಚಿನ ಮಸಿ ಮೆತ್ತಿದ ಹಾಗೆ ಕಪ್ಪು.

ಮುದಕಮ್ಮನಿಗೆ ಕಣ್ಣು ಮಬ್ಬು. ಅವಳೇ ಮೊದಲು, ಇದು ನಮ್ಮ ಹುಲಗೆಮ್ಮನ ದನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಂಗನವಾಡಿಯ ಒಂದು ಹುಡುಗಿ ನನ್ನ ಮಡಿಲಲ್ಲಿತ್ತು. ಅದು ಟಿವಿ ನೋಡಿತು, ನನ್ನನ್ನು ನೋಡಿತು. "ಆಯಾ, ಅಲ್ಲಿ ನಿನ್ನ ಮುಖಕ್ಕ ಏನಾಗೇತಿ?" ಎಂದು ಕೇಳಿತು.

ಆ ಮಾತು ಕೇಳಿದ ಮೇಲೆ ನನಗೆ ಕೂರಲು ಆಗಲಿಲ್ಲ ದುರ್ಗಾ. ಹುಡುಗಿಯನ್ನು ಇಳಿಸಿ ಎದ್ದೆ, ಹೋಗಿ ಟಿವಿಯ ಪಕ್ಕ ನಿಂತೆ, ಲೈಟು ನೇರ ಮುಖದ ಮೇಲೆ ಬೀಳುವಂತೆ. ಟಿವಿಯಲ್ಲಿ ಕಪ್ಪು ಮುಖ ಹೇಳುತ್ತಿತ್ತು, ಇತ್ತ ನಾನು ಅದರ ಜೊತೆಗೇ ಹೇಳುತ್ತಿದ್ದೆ. ನನ್ನದೇ ಮಾತಲ್ಲವೇ, ಒಂದು ಶಬ್ದ ತಪ್ಪಲಿಲ್ಲ. ದೊಡ್ಡ ಮನೆಯ ಸಂಗತಿ ಬಂದಾಗ ಕಳಕಪ್ಪ ಎದ್ದು, ಸಾಕು, ಆರಿಸಿ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಾನು ಹೇಳಿದೆ, "ಕುಂದರ್ರಿ. ನಿಮ್ಮ ಹೆಸರು ಬರೂದಿಲ್ಲ." ಹೆಣ್ಣುಮಕ್ಕಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅವನು ಕೂರಲೂ ಇಲ್ಲ, ಹೋಗಲೂ ಇಲ್ಲ. ಮುಗಿಯುವ ತನಕ ಕಂಬ ಹಿಡಿದು ನಿಂತಿದ್ದ.

ಮರುದಿನ ಕನಕಗಿರಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಶಿವಲೀಲಾ ಮೇಡಂಗೆ ಫೋನು ಮಾಡಿದೆ. ಬಾಯಿಗೆ ಬಂದದ್ದು ಬೈಯಬೇಕೆಂದು ಹೋಗಿದ್ದೆ. ಆಕೆ ಪಾಪ ಗಾಬರಿಯಾದರು. ಅವ್ವ ಆಮೇಲೆ ಮನಸ್ಸು ಬದಲಿಸಿದ್ದಾಳೆ, ಮುಖ ಕಾಣದಂತೆ ಮಾಡಿ ಎಂದು ಕೇಳಿಕೊಂಡಿದ್ದಾಳೆ, ಹೀಗೆಂದು ನೀನೇ ಬರೆದು ಕೊಟ್ಟೆಯಂತೆ.

ಹುಲಿಹೈದರಕ್ಕೆ ನನ್ನ ಮುಖ ಗೊತ್ತು. ಮುತ್ತು ಕಟ್ಟಿದ ದಿನ ಊಟಕ್ಕೆ ಬಂದವರೇ ಇಲ್ಲಿ ಕೂತು ನೋಡಿದವರು. ಹಾಗಾದರೆ ಯಾರಿಗೆ ಮುಚ್ಚಿದೆ? ಯಲಬುರ್ಗಾದ ಒಂದು ಮನೆಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ.

ಬರೆದರೆ ಬರಿ, ಬಿಟ್ಟರೆ ಬಿಡು.

ಹುಲಗೆಮ್ಮ


ಬೆಂಗಳೂರು
೧ ಆಗಸ್ಟ್ ೧೯೯೯

ಅವ್ವ,

ಹೌದು, ನಾನೇ ಬರೆದುಕೊಟ್ಟೆ. ಶಿವಲೀಲಾ ಮೇಡಂ ತಪ್ಪಿಲ್ಲ.

ಕಾಲಿಗೆ ಬಿದ್ದು ತಪ್ಪಾಯಿತು ಎನ್ನುತ್ತೇನೆಂದು ಕಾದಿದ್ದರೆ, ಇಲ್ಲ. ಮೊದಲು ನನ್ನ ಮಾತು ಕೇಳು. ಆ ಟೇಪನ್ನು ನಾನು ಇಲ್ಲಿ ಸಂಕಲನದ ಕೋಣೆಯಲ್ಲಿ ಕೂತು ನೋಡಿದೆ. ಎಷ್ಟು ಚೆಂದ ಕೂತಿದ್ದೀ. ನೋಡುತ್ತ ನೋಡುತ್ತ ಸಾಲಿಯ ಬಾಗಿಲು ಬಂತು. ನನ್ನ ಒದ್ದೆ ಲಂಗ ಬಂತು. ಪ್ರಭುರಾಜ ಅವತ್ತು ಇರಲಿಲ್ಲ, ಆದರೆ ಕೋಣೆಯಲ್ಲಿ ಇನ್ನೂ ಇಬ್ಬರು ಇದ್ದರು ಅವ್ವ. ಅವರು ನನ್ನ ಕಡೆ ತಿರುಗಿ ನೋಡಿದರು.

ನಿನ್ನ ಬಾಳು ನಿನ್ನದು, ಹೇಳು. ಆ ಲಂಗ ನನ್ನದಲ್ಲವೇ? ಅದನ್ನು ನಾನು ಯಾರಿಗೂ ಹೇಳಿಲ್ಲ, ಪ್ರಭುರಾಜನಿಗೂ. ನಾಡಿನ ಮುಂದೆ ಹೇಳುವ ಮೊದಲು ನೀನು ಒಮ್ಮೆ ನನ್ನನ್ನು ಕೇಳಿದೆಯಾ? ಮುತ್ತು ಕಟ್ಟುವಾಗ ನಿನ್ನನ್ನು ಯಾರೂ ಕೇಳಲಿಲ್ಲ ಎಂದು ಅದೇ ಬಾಯಲ್ಲಿ ಹೇಳಿದ್ದೀ. ನನ್ನನ್ನು ನೀನೂ ಕೇಳಲಿಲ್ಲ. ನಿನ್ನ ಮುಖ ಕಂಡರೆ ನನ್ನ ಮುಖ ಕಾಣುತ್ತದೆ, ಎರಡೂ ಒಂದೇ ಅಚ್ಚು ಎಂದು ಊರೆಲ್ಲ ಹೇಳುವುದಿಲ್ಲವೇ. ವಾರವಾರ ಟಿವಿಯಲ್ಲಿ ಬರುವವಳು ನಾನು.

ನನಗೆ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಮಾಡಿದೆ. ಹನ್ನೊಂದನೇ ತಾರೀಖು ಸೂರ್ಯಗ್ರಹಣ, ಅದರ ವಿಶೇಷ ಕಂತಿನ ಕೆಲಸ ತಲೆಯ ಮೇಲಿದೆ. ಆಮೇಲೆ ಬರೆಯುತ್ತೇನೆ.

ದುರ್ಗಾ


ಹುಲಿಹೈದರ
೧೫ ಆಗಸ್ಟ್ ೧೯೯೯

ನನ್ನ ಮಗಳು ದುರ್ಗಾದೇವಿಗೆ,

ನಿನ್ನ ಕಾಗದ ಓದಿ ಒಂದು ದಿನ ಉಣ್ಣಲಿಲ್ಲ. ಎರಡನೇ ದಿನ ಉಂಡೆ, ಯಾಕೆಂದರೆ ನೀನು ಹೇಳಿದ್ದು ನಿಜ. ಲಂಗ ನಿನ್ನದು. ಕೇಳಬೇಕಿತ್ತು, ಕೇಳಲಿಲ್ಲ. ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದವಳಿಗೆ ಮಾತು ಬಂದಾಗ ಯಾರ ಪಾಲು ಯಾವುದು ಎಂದು ವಿಂಗಡಿಸಲು ತಿಳಿಯಲಿಲ್ಲ. ಇದೊಂದು ನನ್ನ ತಪ್ಪು, ಒಪ್ಪಿಕೊಂಡೆ.

ಉಳಿದದ್ದು ಒಪ್ಪುವುದಿಲ್ಲ. ಗ್ರಹಣದ ದಿನದ ಸಂಗತಿ ಕೇಳು. ಆ ಹಿಂದಿನ ಭಾನುವಾರ ಟಿವಿಯಲ್ಲಿ ನೀನು ಬಂದೆ. ಬರಿಗಣ್ಣಲ್ಲಿ ಸೂರ್ಯನನ್ನು ನೋಡಬೇಡಿ, ಆದರೆ ಬಾಗಿಲು ಹಾಕಿಕೊಂಡು ಕೂರಬೇಡಿ, ರಟ್ಟಿಗೆ ಸೂಜಿಯಿಂದ ತೂತು ಮಾಡಿ ನೆಲದ ಮೇಲೆ ಬೀಳುವ ಬೆಳಕು ನೋಡಿ ಎಂದೆ. ನಾನೂ ಶಹನಾಜಬೇಗಂ ಟೀಚರೂ ಬಿಸ್ಕತ್ತಿನ ಡಬ್ಬಿಯ ರಟ್ಟು ಕತ್ತರಿಸಿ ಇಟ್ಟೆವು. ಅವತ್ತು ಸಂಜೆ ಊರೆಲ್ಲ ಬಾಗಿಲು ಹಾಕಿತ್ತು, ಅಡಿಗೆಯ ಮೇಲೆ ಗರಿಕೆ ಇಟ್ಟು ಕೂತಿತ್ತು. ಮಕ್ಕಳಿಗೆ ಏನಾದರೂ ಆದರೆ ನಿನ್ನ ಕೈಕಾಲು ಮುರಿಯುತ್ತೇವೆ ಎಂದು ಇಬ್ಬರು ನನಗೆ ಹೇಳಿ ಹೋಗಿದ್ದರು. ಟೀಚರ್ ಹಿಂದೆಮುಂದೆ ನೋಡಿದರು. ನಾನು ಹೇಳಿದೆ, "ನಮ್ಮ ದುರ್ಗಾ ಹೇಳ್ಯಾಳ್ರಿ. ಆಕಿ ಸುಳ್ಳು ಹೇಳೂದಿಲ್ಲ." ಮೋಡ ಆಗಾಗ ಅಡ್ಡ ಬಂತು. ಮೋಡ ಸರಿದಾಗ ನೆಲದ ಮೇಲೆ ಕುಡುಗೋಲಿನಂಥ ಸಣ್ಣ ಸೂರ್ಯ. ಮಕ್ಕಳು ಕುಣಿದವು. ಯಾರಿಗೂ ಏನೂ ಆಗಲಿಲ್ಲ, ಒಂದಕ್ಕೆ ನೆಗಡಿ, ಅದು ಮೊದಲೇ ಇತ್ತು.

ನಿನ್ನ ಮಾತು ನಂಬಿ ನಾನು ಹೊರಗೆ ಬಂದೆ ದುರ್ಗಾ. ನಾಡಿನ ಮಕ್ಕಳಿಗೆಲ್ಲ ಬಾಗಿಲು ತೆಗೆಯಿರಿ ಎಂದು ಹೇಳುವವಳು ನೀನು ಒಳಗೆ ಅಗಳಿ ಹಾಕಿಕೊಂಡಿದ್ದೀಯಲ್ಲ, ಅದೇ ನನ್ನ ಸಂಕಟ. ಹೆದರಿದೆ ಎಂದು ಬರೆದಿದ್ದೀ. ನಾನು ಹೆದರಲಿಲ್ಲ ಎಂದು ಯಾರು ಹೇಳಿದರು? ಕುರ್ಚಿಯಲ್ಲಿ ಕೂತಾಗ ಕಾಲು ನಡುಗುತ್ತಿದ್ದವು. ಟಿವಿಯಲ್ಲಿ ಕಾಲು ಕಾಣುವುದಿಲ್ಲ, ಒಳ್ಳೆಯದಾಯಿತು.

ಶಿವಲೀಲಾ ಮೇಡಂ ಕಾಗದ ಬರೆದಿದ್ದಾರೆ. ಬಹಳ ಜನ ಕೇಳಿದ್ದಾರೆಂದು ಗಣಪತಿ ಹಬ್ಬದ ದಿನ ಅದೇ ಕಾರ್ಯಕ್ರಮ ಮತ್ತೆ ಹಾಕುತ್ತಾರಂತೆ. ಇದ್ದ ಹಾಗೆಯೇ ಬರುತ್ತದೆ, ಆದರೆ ನಾನು ಒಪ್ಪಿದರೆ ಬೇರೊಂದು ಕಂತು ಮುಖ ತೋರಿಸಿ ಹೊಸದಾಗಿ ಮಾಡೋಣ ಎಂದಿದ್ದಾರೆ. ಇನ್ನೂ ಉತ್ತರ ಬರೆದಿಲ್ಲ. ಈ ಸಲ ನಿನ್ನನ್ನು ಕೇಳಿಯೇ ಬರೆಯುವುದೆಂದು ಇಟ್ಟುಕೊಂಡಿದ್ದೇನೆ. ನೀನು ಬೇಡ ಎಂದರೆ ನಿನ್ನ ಪಾಲು ಬಿಟ್ಟು ಹೇಳುತ್ತೇನೆ. ಆದರೆ ಹೇಳುತ್ತೇನೆ, ಮುಖ ಮುಚ್ಚುವುದಿಲ್ಲ.

ನಿನ್ನ ಅವ್ವ
ಹುಲಗೆಮ್ಮ


ಯಲಬುರ್ಗಾ
೧೪ ಸೆಪ್ಟೆಂಬರ್ ೧೯೯೯

ಅವ್ವ,

ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಗಣಪತಿ ಹಬ್ಬಕ್ಕೆ ಪ್ರಭುರಾಜನ ಮನೆಯವರು ಕರೆದಿದ್ದರು, ಬಂದಿದ್ದೆ.

ಬರುವಾಗ ದಾರಿಯಲ್ಲಿ ಕುಷ್ಟಗಿ ದಾಟಿದ ಮೇಲೆ ಪ್ರಭುರಾಜನಿಗೆ ಎಲ್ಲ ಹೇಳಿದೆ. ನನ್ನ ತಂದೆ ಬದುಕಿದ್ದಾನೆ, ಆ ಕಪ್ಪು ಮುಖ ನಮ್ಮವ್ವನದು ಎಂದು. ಅವನು ನನ್ನ ಕೈ ಹಿಡಿದುಕೊಂಡ. ಕೈ ಹಿಡಿದುಕೊಂಡೇ, "ಮದುವಿ ಆಗೂತನಕ ನಮ್ಮವ್ವಗ ಹೇಳೂದು ಬ್ಯಾಡ. ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ" ಎಂದ.

ಅವ್ವ, ಆ ಮಾತು ಹೇಗಿರುತ್ತದೆ ಎಂದು ಕೇಳಿಸಿಕೊಂಡವರಿಗೇ ಗೊತ್ತು. ಅವನು ಪ್ರೀತಿಯಿಂದಲೇ ಹೇಳಿದ. ನಾನೂ ಪ್ರೀತಿಯಿಂದಲೇ ನಿನಗೆ ಬರೆದಿದ್ದೆ. ಕೈ ಬಿಡಿಸಿಕೊಂಡು ಕೂತೆ.

ನಿನ್ನೆ ಸಂಜೆ ಕಡಬು ಉಂಡು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಅವನ ತಾಯಿ, ಅಕ್ಕ, ಸೋದರಮಾವ, ಓಣಿಯ ನಾಲ್ಕು ಹೆಂಗಸರು. ಟಿವಿ ಹಚ್ಚಿಯೇ ಇತ್ತು. ಬೇವಿನ ಮರ ಬಂತು. ಪ್ರಭುರಾಜ ಬೇರೆ ಏನಾದರೂ ಹಾಕಲು ಎದ್ದ. ನಾನು ಇರಲಿ ಎಂದೆ. ನೀನು ಮಾತು ಶುರು ಮಾಡಿದೆ. ವಿರೂಪಾಕ್ಷಮ್ಮ ನೋಡಿ ಲೊಚಗುಟ್ಟಿದರು. "ಯಾರೋ ಏನೋ ಪಾಪ. ಮುಖ ತೋರಿಸಾಕೂ ನಾಚಿಕಿ ಪಡೂವಂಥ ಬಾಳೇವು."

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಆಕಿ ನಾಚಿಕಿ ಪಟ್ಟಿಲ್ರಿ. ಆಕಿ ನಮ್ಮವ್ವ. ಮುಖ ಮುಚ್ಚಿಸಿದಾಕಿ ನಾನು" ಎಂದೆ.

ಪಡಸಾಲೆಯಲ್ಲಿ ನಿನ್ನ ದನಿ ಒಂದೇ ಉಳಿಯಿತು. ಸೋದರಮಾವ ಟಿವಿ ಆರಿಸಲು ಹೋದರು. ನಾನು ಎದ್ದು ಅಡ್ಡ ನಿಂತೆ, ಮುಗಿಯುವ ತನಕ ನೋಡಿ, ಆಮೇಲೆ ಬೇಕಾದ್ದು ಕೇಳಿ ಎಂದೆ. ಎಲ್ಲರೂ ನೋಡಿದರು, ಟಿವಿಯನ್ನೂ ನನ್ನನ್ನೂ. ಸಾಲಿಯ ಬಾಗಿಲು ಬಂತು. ಲಂಗ ಬಂತು. ಆದರೂ ಸರಿಯಲಿಲ್ಲ, ಅಲ್ಲೇ ನಿಂತಿದ್ದೆ.

ಮುಗಿದ ಮೇಲೆ ವಿರೂಪಾಕ್ಷಮ್ಮ ಎದ್ದು ಒಳಗೆ ಹೋದರು, ಬೆಳಿಗ್ಗೆ ನಾನು ಹೊರಡುವಾಗಲೂ ಬರಲಿಲ್ಲ. ಪ್ರಭುರಾಜ ಬಸ್ ಸ್ಟ್ಯಾಂಡಿನ ತನಕ ಬಂದ. ತನ್ನ ಅವ್ವನಿಗೆ ಸ್ವಲ್ಪ ದಿನ ಕೊಡು, ಆಮೇಲೆ ನೋಡೋಣ ಎಂದ. ಎಷ್ಟು ದಿನ ಬೇಕಾದರೂ ತೆಗೆದುಕೊಳ್ಳಲಿ ಎಂದೆ. ಇನ್ನು ಆ ಮನೆಗೆ ನಾನು ಹೋದರೆ ನಿನ್ನ ಹೆಸರು ಹೇಳಿಯೇ ಹೋಗುವುದು, ಇಲ್ಲದಿದ್ದರೆ ಇಲ್ಲ. ಇದನ್ನು ಅವನಿಗೂ ಹೇಳಿದ್ದೇನೆ. ಎದೆಯಲ್ಲಿ ನೋವಿದೆ, ಇಲ್ಲ ಎಂದು ಸುಳ್ಳು ಬರೆಯುವುದಿಲ್ಲ. ನಾನು ಅವನನ್ನು ಬಹಳ ಇಷ್ಟಪಟ್ಟಿದ್ದೇನೆ.

ಈ ಕಾಗದ ಅಂಚೆಗೆ ಹಾಕಿ ಶಿವಲೀಲಾ ಮೇಡಂಗೆ ಫೋನು ಮಾಡುತ್ತೇನೆ. ಮುಂದಿನ ವಾರ ಕ್ಯಾಮೆರಾ ತರಲಿ. ಬೇವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿಸು, ಎರಡೂ ಬಿಸಿಲಿಗೆ ಮುಖ ಮಾಡಿ. ಸಾಲಿಯ ಬಾಗಿಲ ತನಕ ನೀನು ಹೇಳು. ಅಲ್ಲಿಗೆ ಬಂದಾಗ ಸುಮ್ಮನಾಗು. ಆ ಲಂಗದ ಕಥೆ ನಾನೇ ಹೇಳುತ್ತೇನೆ.

ನಿನ್ನ
ದುರ್ಗಾ